ಸಹಿ ಮಾತ್ರ ಬಾಕಿ

ನಾನು ಮಕ್ಕಳ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ನರ್ಸಾಗಿದ್ದೇನೆ. ವಾಂತಿಗೆ, ಕೀವಿಗೆ ಮೂಗು ಮುಚ್ಚಿಕೊಳ್ಳುವ ಕಾಲ ಎಂದೋ ಮುಗಿದುಹೋಯಿತು. ನಮ್ಮ ಅಕ್ಕನೂ ಹಾಗೆಯೇ. ಊರಿನ ಕೊಳಚೆಯೆಲ್ಲ ಹರಿದು ಬಂದು ಸೇರುವ ದೊಡ್ಡ ಕಾಲುವೆಯಲ್ಲಿ ಮೂರು ವರ್ಷ, ತೊಡೆಯವರೆಗಿನ ರಬ್ಬರ್ ಬೂಟು ತೊಟ್ಟು ನಿಂತು, ಬಸವನಹುಳು ಎಣಿಸಿದವಳು ಅವಳು. ಸಂಜೆ ಮನೆಗೆ ಬಂದರೆ ಬಚ್ಚಲಿಗೆ ಹೋಗುವ ಮೊದಲೇ ಅಡುಗೆಮನೆಗೆ ಇಣುಕಿ "ತಿನ್ನೋಕೆ ಏನಿದೆ" ಅನ್ನುತ್ತಿದ್ದಳು. ಅಮ್ಮ ಸೌಟು ತೋರಿಸಿ ಅಟ್ಟುತ್ತಿದ್ದಳು. ಅಂಥ ಅಕ್ಕ ಹೇಸಿಗೆಯಿಂದ ತಟ್ಟೆ ತಳ್ಳಿ ಎದ್ದದ್ದನ್ನು ನಾನು ಕಂಡದ್ದು, ಅವಳು ಕಾರ್ಪೆಟ್ ಹಾಸಿದ ಒಂದು ತಣ್ಣನೆಯ ಕಚೇರಿಗೆ ಕೆಲಸಕ್ಕೆ ಸೇರಿದ ಮೇಲೆ.

ಮೊದಲು ಕಾಲುವೆಯ ವಿಷಯ ಹೇಳಿಬಿಡುತ್ತೇನೆ. ಕೆಲವು ಜಾತಿಯ ಬಸವನಹುಳುಗಳ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಇನ್ನೊಂದು ಹುಳು ಬೆಳೆಯುತ್ತದೆ. ನೀರಿಗಿಳಿದ ಮಕ್ಕಳ ಚರ್ಮ ಕೊರೆದು ಒಳಗೆ ಸೇರಿ ಕಾಯಿಲೆ ತರುತ್ತದೆ. ಕಾಲುವೆಯ ಯಾವ ಭಾಗದಲ್ಲಿ, ಯಾವ ತಿಂಗಳಲ್ಲಿ ಈ ಬಸವನಹುಳುಗಳು ಹೆಚ್ಚುತ್ತವೆ ಎಂದು ಗೊತ್ತಾದರೆ ಆಗ ಮಕ್ಕಳನ್ನು ಅತ್ತ ಬಿಡದೆ ಇರಬಹುದು. ಅದನ್ನು ತಿಳಿಯುವುದಕ್ಕೆ ಬೇರೆ ಉಪಾಯವಿಲ್ಲ, ಹೋಗಿ ನಿಂತು ಎಣಿಸಬೇಕು. ಡಾಕ್ಟರೇಟು ಮುಗಿಸಿದ ಅಕ್ಕ ತನ್ನ ಗೈಡಿನ ಕೈಕೆಳಗೇ, ಆರಾರು ತಿಂಗಳ ಗುತ್ತಿಗೆಯ ಮೇಲೆ, ಈ ಕೆಲಸ ಮಾಡಿದಳು. ಗುತ್ತಿಗೆ ಮುಗಿಯುವ ವಾರ ಬಂದಾಗಲೆಲ್ಲ ಅವಳು ಅಮ್ಮನ ಮೇಲೆ ಸಿಡುಕುತ್ತಿದ್ದಳು, ಮುಂದುವರಿಯಿತು ಎಂದು ಗೊತ್ತಾದ ದಿನ ಅಮ್ಮನಿಗೆ ತಾನೇ ತಲೆ ಬಾಚುತ್ತಿದ್ದಳು.

ಆಮೇಲೆ ಹೊರದೇಶದ ಒಂದು ಲ್ಯಾಬಿನಿಂದ ಕರೆ ಬಂತು. ಹನ್ನೊಂದು ನೋಟ್‌ಬುಕ್ಕುಗಳನ್ನು ಗೈಡಿನ ಬೀರುವಿನಲ್ಲಿಟ್ಟು, "ಬಂದ್ಮೇಲೆ ಕೂತು ಬರೆಯೋಣ ಸರ್" ಎಂದು ಹೇಳಿ ಹೋದಳು. ಅಲ್ಲಿ ಎರಡು ವರ್ಷ ಇದ್ದಳು. ಆ ವೀಸಾ ಇದ್ದದ್ದು ಅವಳ ಹೆಸರಿನಲ್ಲೇ, ಆದರೆ ಅದರ ಜುಟ್ಟು ಅಲ್ಲಿನ ಪ್ರೊಫೆಸರ ಕೈಯಲ್ಲಿತ್ತು. ಅವರ ಪ್ರಾಜೆಕ್ಟಿನ ಅನುದಾನ ನಿಂತಿತು, ಅಕ್ಕನ ಕೆಲಸ ನಿಂತಿತು, ಕೆಲಸದ ಬೆನ್ನಿಗೇ ವೀಸಾ. ಬೇರೆ ಯಾರಾದರೂ ಕೆಲಸ ಕೊಡುವವರನ್ನು ಹುಡುಕಿಕೊಳ್ಳಲು ಅರವತ್ತು ದಿನ ಕೊಟ್ಟಿದ್ದರು. ಐವತ್ತೆಂಟನೆಯ ದಿನ ಅವಳು ಮನೆಯ ಬಾಗಿಲಲ್ಲಿ ಪೆಟ್ಟಿಗೆ ಇಳಿಸಿದಳು. ಅಷ್ಟರಲ್ಲಿ ಇಲ್ಲಿನ ಗುತ್ತಿಗೆಯ ಜಾಗವೂ ತುಂಬಿತ್ತು.

ನಾಲ್ಕು ತಿಂಗಳು ಮನೆಯಲ್ಲಿದ್ದು ಅವಳು ಸೇರಿದ್ದು ವೀಸಾ ಸಲಹೆಗಾರರ ಕಚೇರಿಗೆ. ಕನ್ನಡಕದ ಅಂಗಡಿಯ ಮೇಲಿನ ಮಹಡಿ. ಮುಂದಿನ ಕೋಣೆಯಲ್ಲಿ ಗಾಜಿನ ಮೇಜು, ಮೇಜಿನ ಮೇಲೆ ತಿರುಗುವ ಭೂಗೋಳ, ಗೋಡೆಯ ಮೇಲೆ "ಯುವ ಸಂಶೋಧಕರಿಗೆ ವಿಶೇಷ ಸೇವೆ" ಎಂಬ ಫಲಕ. ಹಿಂದೆ ಕಿಟಕಿಯೇ ಇಲ್ಲದ ಇನ್ನೊಂದು ಕೋಣೆ. ಅಲ್ಲಿ ಮೂವರು ಬರಹಗಾರರು. ಬಂದ ಗಿರಾಕಿಗಳಿಗೆ ಆ ಕೋಣೆ ಇದೆ ಎಂದೇ ಗೊತ್ತಾಗಬಾರದು, ಬರಹಗಾರರು ಮುಂದೆ ಬರಬಾರದು ಎಂಬುದು ನಿಯಮ. ಸಲಹೆಗಾರರಿಗೆ ಕಚೇರಿಯವರೆಲ್ಲ ಬೆನ್ನ ಹಿಂದೆ ಇಟ್ಟ ಹೆಸರು ಕೋಟು. ಬೇಸಿಗೆಯಲ್ಲೂ ಅವರು ಕೋಟು ಕಳಚಿದ್ದನ್ನು ಯಾರೂ ನೋಡಿರಲಿಲ್ಲ.

ಕೋಟು ಹೇಳುವ ಮಾತು ಅಕ್ಕನಿಗೆ ಗೋಡೆಯಾಚೆಯಿಂದ ದಿನಾ ಕೇಳಿಸುತ್ತಿತ್ತು. ಮನೆಯಲ್ಲಿ ಅವರ ಹಾಗೇ ಮಾಡಿ ತೋರಿಸುತ್ತಿದ್ದಳು, ಶುರುವಿನಲ್ಲಿ ನಾವು ಬಿದ್ದು ಬಿದ್ದು ನಗುತ್ತಿದ್ದೆವು.

"ನೋಡಿ, ಕೆಲಸ ಕೊಡೋರ ಬೆನ್ನು ಹಿಡ್ಕೊಂಡು ಹೋದ್ರೆ, ಅವರು ಕೊಡವಿದ ದಿನ ನೀವು ಕೆಳಗೆ. ಅಂಕದ ದಾರೀಲಿ ಹೋದ್ರೆ ವಯಸ್ಸು ತೂಗ್ತಾರೆ, ಓದು ತೂಗ್ತಾರೆ, ಭಾಷೆ ತೂಗ್ತಾರೆ, ಆಮೇಲೆ ಸರದೀಲಿ ನಿಲ್ಲಿಸ್ತಾರೆ. ನಿಮ್ಮಂಥೋರಿಗೆ ಸರಿಯಾದದ್ದು ಪ್ರತಿಭೆಯ ದಾರಿ. ಯಾರ ಹಂಗೂ ಇಲ್ಲ. ನಿಮ್ಮ ಅರ್ಜಿ ನೀವೇ ಹಾಕ್ಕೋಬಹುದು. ನೀವು ಅಸಾಧಾರಣ ಅಂತ ತೋರಿಸಿದ್ರೆ ಸಾಕು."

"ನಾನು ಅಷ್ಟೇನೂ ಅಸಾಧಾರಣ ಅಲ್ಲ ಸರ್," ಎಂದು ಹೆಚ್ಚಿನವರು ಸಣ್ಣ ದನಿಯಲ್ಲಿ ಹೇಳುತ್ತಿದ್ದರಂತೆ. ಡಾಕ್ಟರೇಟು ಮುಗಿಸಿ ಎರಡೋ ಮೂರೋ ವರ್ಷ ಆದವರು, ನಾಲ್ಕು ಪೇಪರು ಪ್ರಕಟಿಸಿದವರು.

"ಅದು ನಮ್ಮ ಕೆಲಸ. ನೀವು ಪೇಪರ್ ಕೊಟ್ಟು ಹೋಗಿ."

ಆ ಪೇಪರುಗಳು ಹಿಂದಿನ ಕೋಣೆಗೆ ಬರುತ್ತಿದ್ದವು. ಅಕ್ಕ ಅವನ್ನು ಓದಿ, ಒಬ್ಬೊಬ್ಬರಿಗೆ ಆರು ಶಿಫಾರಸು ಪತ್ರ ಬರೆಯಬೇಕು. ಆರು ಪ್ರೊಫೆಸರುಗಳ ಹೆಸರಿನಲ್ಲಿ, ಆರು ದನಿಯಲ್ಲಿ. ಒಬ್ಬರು ಹಳೆಯ ಕಾಲದವರಂತೆ ಉದ್ದುದ್ದ ಬರೆಯಬೇಕು, ಒಬ್ಬರು ಕತ್ತರಿಸಿದಂತೆ ಬರೆಯಬೇಕು, ಒಬ್ಬರು ಹುಡುಗನನ್ನು ಎಂದೂ ಕಂಡಿಲ್ಲ, ಬರೀ ಪೇಪರು ಓದಿಯೇ ಬೆರಗಾಗಿರಬೇಕು. ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು. ಒಂದು ಕಡೆ 'ಒಳ್ಳೆಯ', 'ಶ್ರದ್ಧೆಯ', 'ಭರವಸೆಯ' ಎಂಬ ಪದಗಳಿಗೆ ಅಡ್ಡಗೀಟು. ಇನ್ನೊಂದು ಕಡೆ 'ಅಪೂರ್ವ', 'ದಿಕ್ಕು ಬದಲಿಸಿದ', 'ಬೆರಳೆಣಿಕೆಯವರಲ್ಲಿ ಒಬ್ಬರು'. ಬರೆದ ಪತ್ರ ಪ್ರೊಫೆಸರಿಗೆ ಮೇಲ್‌ನಲ್ಲಿ ಹೋಗುತ್ತಿತ್ತು. ವಿಷಯದ ಜಾಗದಲ್ಲಿ ಎಲ್ಲಕ್ಕೂ ಒಂದೇ ಸಾಲು: ಸಹಿ ಮಾತ್ರ ಬಾಕಿ.

ಒಂದು ಸಲ ಅವಸರದಲ್ಲಿ ಅಕ್ಕನ ಕೈತಪ್ಪಿ ಎರಡು ಕಡತಗಳು ಕಲಸಿಹೋದವು. ಅಂಟು ತಯಾರಿಕೆಯ ರಸಾಯನಶಾಸ್ತ್ರ ಓದಿದ ಒಬ್ಬ ಹುಡುಗಿಯನ್ನು, ಮೀನಿನ ಮೊಟ್ಟೆ ಮರಿಯಾಗಿಸುವುದರಲ್ಲಿ ಆಕೆಗೆ ಸಾಟಿ ಇಲ್ಲ ಎಂದು ಎರಡು ಪುಟ ಹೊಗಳಿದ ಪತ್ರ ಹೊರಟುಹೋಯಿತು. ಒಂಬತ್ತು ನಿಮಿಷಕ್ಕೆ ಸಹಿಯಾಗಿ ಹಿಂದಿರುಗಿತು. ಕೆಳಗೆ ಪ್ರೊಫೆಸರು ತಾವಾಗಿಯೇ ಒಂದು ಸಾಲು ಸೇರಿಸಿದ್ದರು: ನಾನು ಈಕೆಯನ್ನು ಬಹಳ ಹತ್ತಿರದಿಂದ ಬಲ್ಲೆ.

ಅದನ್ನು ಮನೆಯಲ್ಲಿ ಹೇಳುವಾಗ ಅಕ್ಕ ಮೊದಲು ನಕ್ಕಳು. ಆಮೇಲೆ ಮುಖ ಸಿಂಡರಿಸಿದಳು.

"ಬಾಯಲ್ಲಿ ಏನೋ ಕೊಳೆತ ಹಾಗಾಗುತ್ತೆ ಕಣೇ," ಅಂದಳು. "ಬೇರೆಯವರ ಎಂಜಲು ತಿಂದ ಹಾಗೆ."

ಪ್ರಶಸ್ತಿಗಳ ವ್ಯವಸ್ಥೆಯೂ ಇತ್ತು. ಅರ್ಜಿಯಲ್ಲಿ ಪ್ರಶಸ್ತಿ ಕೇಳುತ್ತಾರಲ್ಲ, ಅದಕ್ಕೆ. 'ಯುವ ವಿಜ್ಞಾನಿ ಶಿಖರ ಪುರಸ್ಕಾರ' ಕೊಡುವ ಸಂಸ್ಥೆಯ ಅಧ್ಯಕ್ಷರು ಕೋಟಿನ ಭಾವಮೈದ; ವೃತ್ತಿಯಿಂದ ನೆಲಕ್ಕೆ ಟೈಲ್ಸ್ ಹಾಕಿಸುವವರು. ಪುರಸ್ಕಾರದ ಬಿನ್ನವತ್ತಳೆ ಬರೆಯುವುದೂ ಅಕ್ಕನ ಪಾಲಿಗೇ ಬಂತು.

ಬಂದವರ ಮೇಲೆ ಅವಳಿಗೆ ಅಸಹ್ಯವಿರಲಿಲ್ಲ, ಅದನ್ನು ಹೇಳಲೇಬೇಕು. ಒಬ್ಬ ಹುಡುಗಿ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬಂದು, ಕಣ್ಣಿನ ನರದ ಮೇಲಿನ ತನ್ನ ಪೇಪರುಗಳನ್ನು ಕೊಟ್ಟು ಹೋಗಿದ್ದಳಂತೆ. ಆ ಪೇಪರು ಓದಿ ಅಕ್ಕ ಎರಡು ದಿನ ಅದೇ ಮಾತಾಡಿದಳು. "ಎಷ್ಟು ಚೊಕ್ಕ ಕೆಲಸ ಗೊತ್ತಾ. ತನಗೆ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರೆದಿದ್ದಾಳೆ. ನಾನೀಗ ಅದನ್ನ ಹೊಡೆದುಹಾಕಬೇಕು. ಗೊತ್ತಿಲ್ಲ ಅಂದವರು ಅಸಾಧಾರಣ ಅಲ್ಲವಂತೆ."

ಹಾಗೆ ಒಂದೂವರೆ ವರ್ಷ ನಡೆಯಿತು. ಅಮ್ಮ ಅಕ್ಕಪಕ್ಕದವರಿಗೆಲ್ಲ "ನಮ್ಮ ದೊಡ್ಡೋಳು ಜನಾನ ಫಾರಿನ್ನಿಗೆ ಕಳಿಸ್ತಾಳೆ" ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ಒಂದು ಸೋಮವಾರ ಕೋಟು ಹಿಂದಿನ ಕೋಣೆಗೆ ಬಂದು ಒಂದು ಕಡತವನ್ನು ಅಕ್ಕನ ಮೇಜಿನ ಮೇಲಿಟ್ಟರು. "ಡಾಕ್ಟ್ರೇ, ನಿಮ್ಮದೇ ಸಬ್ಜೆಕ್ಟು. ಬಸವನಹುಳು. ಇದು ನಿಮಗೆ ನೀರು ಕುಡಿದಷ್ಟು ಸುಲಭ."

ಕಡತ ಬೆಣ್ಣೆಯದು. ಬೆಣ್ಣೆ ಅಂದರೆ ಗೈಡಿನ ಲ್ಯಾಬಿನಲ್ಲಿ ಅಕ್ಕನ ಜೊತೆಗಿದ್ದ, ಅವಳಿಗಿಂತ ಐದು ವರ್ಷ ಚಿಕ್ಕವನಾದ ಸಂಶೋಧಕ. ಮಾತು ಅಷ್ಟು ನುಣುಪು ಅಂತ ಲ್ಯಾಬಿನವರೇ ಇಟ್ಟ ಹೆಸರು. ಕಾಲುವೆಗೆ ಒಂದೇ ಒಂದು ದಿನ ಬಂದಿದ್ದ. ಬಂದವನು ದಂಡೆಯ ಮೇಲೆ ನಿಂತು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು, "ಅಕ್ಕಾ, ನಿಮಗೆ ಕೈ ಮುಗೀಬೇಕು" ಎಂದು ಹೇಳಿ ಹೋಗಿದ್ದ.

ಕಡತದಲ್ಲಿ ಮೇಲೆಯೇ ಇದ್ದ ಪೇಪರು ಆ ವರ್ಷ ತಾನೇ ಪ್ರಕಟವಾದದ್ದು. ಕಾಲುವೆಯ ಹದಿನಾರು ಜಾಗ, ಮೂವತ್ತಾರು ತಿಂಗಳು, ಒಂದೊಂದು ಜಾಗದ ಒಂದೊಂದು ತಿಂಗಳ ಎಣಿಕೆ. ಏಳನೆಯ ಜಾಗದಲ್ಲಿ ಒಂದು ತಿಂಗಳು ಎಣಿಕೆ ಇರಲಿಲ್ಲ. ಆ ತಿಂಗಳ ಕೊನೆಯಲ್ಲಿ ಅಲ್ಲಿ ಕಾಲು ಜಾರಿ ಬಿದ್ದು ಅಕ್ಕನ ಬಲ ಮಣಿಕಟ್ಟು ಮುರಿದಿತ್ತು. ಪೇಪರಿನಲ್ಲಿ ಆ ಚೌಕವನ್ನೂ ಹಾಗೇ ಖಾಲಿ ಬಿಟ್ಟಿದ್ದರು. ಬರೆದವರ ಹೆಸರಿನ ಜಾಗದಲ್ಲಿ ಬೆಣ್ಣೆ, ಅವನ ನಂತರ ಗೈಡು. ಅಕ್ಕನ ಹೆಸರು ಕಟ್ಟಕಡೆಯಲ್ಲಿ, ಸಣ್ಣ ಅಕ್ಷರದಲ್ಲಿ, ಕಾಲುವೆಗೆ ಗಾಡಿ ಓಡಿಸಿದ ಡ್ರೈವರನ ಹೆಸರಿನ ಪಕ್ಕ, ವಂದನೆಯ ಸಾಲಿನಲ್ಲಿತ್ತು.

ಅಕ್ಕ ಬರೆಯಬೇಕಾಗಿದ್ದ ಆರು ಪತ್ರಗಳಲ್ಲಿ ಮೊದಲನೆಯದು ಗೈಡಿನ ಹೆಸರಿನಲ್ಲಿ. ಅದರಲ್ಲಿ ಏನೇನು ಬರಬೇಕು ಎಂದು ಬೆಣ್ಣೆಯೇ ಟಿಪ್ಪಣಿ ಕೊಟ್ಟಿದ್ದ: ಮೂರು ವರ್ಷ ಒಬ್ಬಂಟಿಯಾಗಿ ಕೊಳಚೆ ನೀರಿನಲ್ಲಿ ನಿಂತು, ಆರೋಗ್ಯವನ್ನೂ ಲೆಕ್ಕಿಸದೆ.

ಅಂದು ಸಂಜೆಯೇ ಅವಳು ತಟ್ಟೆ ತಳ್ಳಿದ್ದು. "ನನಗೆ ಬೇಡ" ಎಂದಷ್ಟೇ ಹೇಳಿ ಎದ್ದಳು. ಜ್ವರವೇನೋ ಎಂದು ನಾನು ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.

ಆ ವಾರವೇ ಬೆಣ್ಣೆ ಇನ್ನೇನೋ ದಾಖಲೆ ಕೊಡಲು ಬಂದ. ಅವನ ದನಿ ಕೇಳಿ ಅಕ್ಕ ನಿಯಮ ಮುರಿದು ಮುಂದಿನ ಕೋಣೆಗೆ ಹೋದಳು. ಕೋಟು ಊಟಕ್ಕೆ ಹೋಗಿದ್ದರು.

"ಅಕ್ಕಾ, ನೀವಿಲ್ಲಿ?" ಎಂದು ಅವನು ಎದ್ದು ನಿಂತ.

"ನಿನ್ನ ಪೇಪರ್ ಓದಿದೆ."

"ಹೇಗಿದೆ?"

"ಎಣಿಸಿದ್ದು ಯಾರು?"

ಅವನ ಮುಖ ಕಪ್ಪಿಡಲಿಲ್ಲವಂತೆ. "ನೀವೇ ಅಕ್ಕ. ಅದಕ್ಕೇ ಕೊನೇಲಿ ಥ್ಯಾಂಕ್ಸ್ ಹಾಕಿದ್ದೀನಲ್ಲ. ನೀವು ಹೊರಗೆ ಹೋಗಿದ್ರಿ. ನೋಟ್‌ಬುಕ್ ಸುಮ್ನೆ ಬಿದ್ದಿದೆ, ಬರೆದುಬಿಡು ಅಂದ್ರು ಸರ್. ಎಣಿಸೋದು ಯಾರಾದ್ರೂ ಎಣಿಸ್ತಾರೆ. ಅದಕ್ಕೆ ಅರ್ಥ ಹಚ್ಚಿದ್ದು ನಾನು."

"ಹಾಗಾದ್ರೆ ಹಾಗೇ ಬರೀತೀನಿ. ಎಣಿಸಿದ್ದು ನಾನು, ಅರ್ಥ ಹಚ್ಚಿದ್ದು ನೀನು."

ಪತ್ರ ಬರೆಯುವವಳು ಇವಳೇ ಎಂದು ಆಗ ಅವನಿಗೆ ಹೊಳೆಯಿತು. ಕುಳಿತುಕೊಂಡ. "ಅಕ್ಕ, ಮೂರು ತಿಂಗಳಿಗೆ ನನ್ನ ಕಾಂಟ್ರಾಕ್ಟ್ ಮುಗಿಯುತ್ತೆ. ಹೆಂಡತಿಗೆ ಏಳು ತಿಂಗಳು. ಆ ಫಾರಂನಲ್ಲಿ ಸ್ವಂತ ಕೊಡುಗೆ ಏನು ಅಂತ ಕೇಳ್ತಾರೆ. ಅರ್ಧ ಕೊಡುಗೆ ಅಂತ ಕಾಲಂ ಇಲ್ಲ."

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ ಎಂದು ಅಕ್ಕನೇ ನನಗೆ ಹೇಳಿದಳು. ಹೆಂಡತಿ ನಿಜ, ಕಾಂಟ್ರಾಕ್ಟ್ ನಿಜ, ಕಾಲಂ ಇಲ್ಲದಿರುವುದೂ ನಿಜ. "ಅದಕ್ಕೇ ಇನ್ನೂ ಹೇಸಿಗೆ ಆಗಿದ್ದು. ಸುಳ್ಳು ಹೇಳಿದ್ರೆ ಎರಡು ಬೈದು ಬರ್ತಿದ್ದೆ."

ಅವಳು ಗೈಡಿನ ಪತ್ರ ಬರೆದಳು. ಒಂದೂವರೆ ವರ್ಷದಲ್ಲಿ ಗೋಡೆಯ ಪಟ್ಟಿ ನೋಡದೆ ಬರೆದ ಮೊದಲ ಪತ್ರ ಅದು. ಎಣಿಕೆ ಮಾಡಿದವರು ಇಂಥವರು, ಮೂರು ವರ್ಷ, ನೋಟ್‌ಬುಕ್ಕುಗಳು ಸಂಸ್ಥೆಯಲ್ಲಿವೆ. ಅಂಕಿಗಳನ್ನು ವಿಶ್ಲೇಷಣೆ ಮಾಡಿದವನು ಈ ಅರ್ಜಿದಾರ. ಆ ವಿಶ್ಲೇಷಣೆ ಅಚ್ಚುಕಟ್ಟಾಗಿದೆ, ಅವನು ಆ ಕೆಲಸದಲ್ಲಿ ಚುರುಕು. ಇಷ್ಟೇ. ಬೆಣ್ಣೆಗೆ ಸಲ್ಲಬೇಕಾದದ್ದರಲ್ಲಿ ಒಂದು ಕೂದಲನ್ನೂ ಕಡಿಮೆ ಮಾಡಲಿಲ್ಲ. ಗೈಡಿಗೆ ಕಳಿಸಿದಳು. ಅವರು ಫೋನು ಮಾಡಿ ಕೇಳುತ್ತಾರೆ, ಇದೇನು ಹೀಗೆ ಬರೆದಿದೆ ಅನ್ನುತ್ತಾರೆ ಎಂದು ಅರ್ಧ ದಿನ ಫೋನನ್ನೇ ನೋಡುತ್ತ ಕೂತಳು. ಫೋನು ಬರಲಿಲ್ಲ. ಸಹಿಯಾದ ಪತ್ರ ಬಂತು.

ಕೋಟು ಮಾತ್ರ ಎಲ್ಲವನ್ನೂ ಓದುತ್ತಿದ್ದರು. ಆ ಇಡೀ ವ್ಯವಹಾರದಲ್ಲಿ ಪತ್ರಗಳನ್ನು ಮೊದಲಿಂದ ಕೊನೆಯವರೆಗೆ ಓದುತ್ತಿದ್ದವರು ಅವರೊಬ್ಬರೇ.

"ಡಾಕ್ಟ್ರೇ, ಹೊಗಳೋ ಪತ್ರದಲ್ಲಿ ಸಾಕ್ಷಿ ಹೇಳಿದ್ದೀರಲ್ಲ."

"ಬರೆದಿರೋದು ನಿಜ ಸರ್."

"ನಿಜ ಅಲ್ಲ ಅಂತ ನಾನೆಲ್ಲಿ ಅಂದೆ? ಉಪಯೋಗ ಇಲ್ಲ ಅಂದೆ."

ಪಕ್ಕದ ಮೇಜಿನವರಿಂದ ಇನ್ನೊಂದು ಬರೆಸಿದರು. ಒಬ್ಬಂಟಿಯಾಗಿ, ಆರೋಗ್ಯವನ್ನೂ ಲೆಕ್ಕಿಸದೆ. ಅದೂ ಅಂದೇ ಮಧ್ಯಾಹ್ನ ಸಹಿಯಾಗಿ ಬಂತು, ಅದೇ ಕೈಯಿಂದ, ಅದೇ ಶಾಯಿಯಲ್ಲಿ. ಅಕ್ಕ ಮೊದಲನೆಯ ಪತ್ರವನ್ನು ಚೀಲದಲ್ಲಿಟ್ಟುಕೊಂಡು, ಕಚೇರಿಯ ಕೀಲಿಕೈ ಮೇಜಿನ ಮೇಲಿಟ್ಟು, ಕೆಲಸ ಬಿಟ್ಟು ಮನೆಗೆ ಬಂದಳು.

ನನಗೆ ಆ ಪತ್ರ ನೋಡಿ ಸಂತೋಷವಾಯಿತು. "ಇದು ಚಿನ್ನ ಕಣೇ. ಎಣಿಸಿದ್ದು ನೀನು ಅಂತ ಗೈಡೇ ಸಹಿ ಹಾಕಿದ್ದಾರೆ. ನೀನೂ ವೀಸಾಗೆ ಅರ್ಜಿ ಹಾಕುವಾಗ ಇದನ್ನೇ ಸೇರಿಸು."

"ಓದದೆ ಹಾಕಿದ ಸಹಿ. ಆ ಮೀನಿನ ಪತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ?"

"ಇದರಲ್ಲಿರೋದು ನಿಜ ಅನ್ನೋದು ವ್ಯತ್ಯಾಸ."

"ಅದು ನನಗೆ ಗೊತ್ತು, ನಿನಗೆ ಗೊತ್ತು. ಸಹಿ ಹಾಕಿದವರಿಗೆ ಗೊತ್ತಾ?"

ಹಾಗಾದರೆ ಹೋಗಿ ಓದಿಸೋಣ ಎಂದೆ ನಾನು, ಬಾಯಿಮಾತಿಗೆ. ನನ್ನ ವಾರದ ರಜೆಯ ದಿನ ಅವಳು ಬೆಳಿಗ್ಗೆಯೇ ಸಿದ್ಧವಾಗಿ ನಿಂತಿದ್ದಳು.

ಗೈಡಿನ ಕೋಣೆಯಲ್ಲಿ ಮೂರು ಗೋಡೆಗೂ ಸ್ಮರಣಿಕೆಗಳು, ಒಂದರ ಮೇಲೊಂದು ಒರಗಿಕೊಂಡು. ಅವರು ಕೆಟ್ಟ ಮನುಷ್ಯರಂತೆ ಕಾಣಲಿಲ್ಲ. ಬಂದವರನ್ನು ಕೂರಿಸಿ, ನಾನು ಯಾರೆಂದು ಕೇಳಿ, ಫ್ಯಾನು ಜೋರು ಮಾಡಿದರು. ಅಕ್ಕ ಪತ್ರವನ್ನು ಎದುರಿಗಿಟ್ಟಳು.

"ಇದನ್ನೊಂದು ಸಲ ಓದಿ ಸರ್."

"ಸೈನ್ ಆಗಿದೆಯಲ್ಲಮ್ಮ."

"ಓದಿ ಸರ್. ನಾವು ಕಾಯ್ತೀವಿ."

ಅವರು ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. ಎರಡನೆಯ ಸಲ ಓದಿದರು. ಆಮೇಲೆ ನಿಜವಾದ ಗೊಂದಲದಿಂದ ಅಕ್ಕನ ಮುಖ ನೋಡಿದರು.

"ಕಾಲುವೇಲಿ ಎಣಿಸಿದ್ದು ಅವನಲ್ವಾ?"

ನಾನು ಅಕ್ಕನ ಕಡೆ ನೋಡಲಾರದೆ ಸ್ಮರಣಿಕೆಗಳನ್ನು ನೋಡುತ್ತ ಕೂತೆ. ಮೂರು ವರ್ಷ ವಾರಕ್ಕೊಮ್ಮೆ ಈ ಕೋಣೆಗೆ ಬಂದು, ಆ ವಾರದ ಎಣಿಕೆ ಹೇಳಿ, ಸಹಿ ಮಾಡಿಸಿಕೊಂಡು ಹೋಗಿದ್ದವಳು ಅವಳು. ಅವರು ಸುಳ್ಳು ಹೇಳುತ್ತಿರಲಿಲ್ಲ. ಮರೆತೇಬಿಟ್ಟಿದ್ದರು.

"ಬೀರು ತೆಗೀತೀರಾ ಸರ್," ಎಂದಳು ಅಕ್ಕ.

ನೋಟ್‌ಬುಕ್ಕುಗಳು ಅಲ್ಲೇ ಇದ್ದವು, ಅಂಚು ಬೂಷ್ಟು ಹಿಡಿದು. ಪುಟ ಪುಟದಲ್ಲೂ ಅವಳ ಒತ್ತೊತ್ತಾದ ಬರಹ, ಕೆಳಗೆ ಗೈಡಿನ ಪುಟ್ಟ ಸಹಿ. ಮಣಿಕಟ್ಟು ಮುರಿದ ತಿಂಗಳಾದ ಮೇಲಿನ ಪುಟಗಳಲ್ಲಿ ಅಕ್ಷರ ಎಡಗೈಯದು, ಕೋಳಿ ಕೆದಕಿದ ಹಾಗೆ. ಅವರು ಆರೇಳು ಪುಟ ತಿರುವಿ ಕನ್ನಡಕ ತೆಗೆದರು.

"ಈಗ ಯಾಕಮ್ಮ ಇದೆಲ್ಲ? ನಿಮಗೂ ಒಂದು ಪತ್ರ ಬೇಕು ಅಂದಿದ್ರೆ ಕೊಡ್ತಿದ್ದೆ. ಈಗಲೂ ಅಷ್ಟೇ. ಏನು ಬೇಕೋ ಬರ್ಕೊಂಡು ಬನ್ನಿ, ಸೈನ್ ಹಾಕ್ತೀನಿ."

ಅಕ್ಕ ಪತ್ರವನ್ನು ಮಡಚಿ ಚೀಲಕ್ಕೆ ಹಾಕಿ, ನೋಟ್‌ಬುಕ್ಕುಗಳನ್ನು ತನ್ನ ಕಡೆ ಎಳೆದುಕೊಂಡಳು. "ಪತ್ರ ಬೇಡ ಸರ್. ನೋಟ್‌ಬುಕ್ಕಿನ ಫೋಟೋ ತೆಗೀತೀನಿ, ಅಷ್ಟು ಬಿಡಿ."

ಅವರು ಬೇಡವೆನ್ನಲಿಲ್ಲ. ನಾವಿಬ್ಬರೂ ನೆಲದ ಮೇಲೆ ಕೂತು ಹನ್ನೊಂದು ಪುಸ್ತಕದ ಪ್ರತಿಯೊಂದು ಪುಟದ ಫೋಟೋ ತೆಗೆದೆವು. ನಾನು ಪುಟ ಒತ್ತಿ ಹಿಡಿದೆ, ಅವಳು ಕ್ಲಿಕ್ಕಿಸಿದಳು. ಗೈಡು ಅಷ್ಟು ಹೊತ್ತೂ ಯಾವುದೋ ಕಾಗದಗಳಿಗೆ ಸಹಿ ಹಾಕುತ್ತ ಕೂತಿದ್ದರು.

ಪೇಪರು ಪ್ರಕಟಿಸಿದ ಪತ್ರಿಕೆಗೆ ಅಕ್ಕ ಫೋಟೋಗಳನ್ನು ಕಳಿಸಿ ಬರೆದಳು. ಒಂಬತ್ತು ತಿಂಗಳು ಪತ್ರ ವ್ಯವಹಾರ ನಡೆದು, ಕೊನೆಗೆ ಒಂದು ತಿದ್ದುಪಡಿ ಅಚ್ಚಾಯಿತು: ಲೇಖಕರ ಪಟ್ಟಿಯಲ್ಲಿ ಈ ಹೆಸರು ಬಿಟ್ಟುಹೋಗಿತ್ತು, ಸೇರಿಸಿ ಓದಿಕೊಳ್ಳುವುದು. ಮೂರನೆಯ ಹೆಸರು. ಅಷ್ಟರಲ್ಲಿ ಬೆಣ್ಣೆಗೆ ವೀಸಾ ಬಂದು, ಹೆಂಡತಿ ಮಗುವಿನೊಡನೆ ಹೋಗಿ ಆರು ತಿಂಗಳಾಗಿತ್ತು.

"ಖುಷಿ ಆಗ್ಲಿಲ್ವೇನೇ?" ಎಂದೆ.

"ಕಾಲಿಗೆ ಮೆತ್ತಿದ್ದನ್ನ ಒರೆಸಿಕೊಂಡ ಹಾಗಾಯ್ತು. ಅದಕ್ಕೆ ಖುಷಿ ಪಡ್ತಾರಾ?" ಅಂದಳು.

ತಿದ್ದುಪಡಿ ಬಂದ ಮಾರನೆಯ ವಾರ ಕೋಟು ಫೋನು ಮಾಡಿದರು. ಅಕ್ಕ ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿದ್ದರಿಂದ ಸ್ಪೀಕರಿಗೆ ಹಾಕಿದ್ದಳು, ಅಮ್ಮನೂ ನಾನೂ ಕೇಳಿಸಿಕೊಂಡೆವು.

"ಡಾಕ್ಟ್ರೇ, ನೋಡಿದೆ. ಈಗ ನಿಮ್ಮ ಫೈಲು ಗಟ್ಟಿ ಆಯ್ತು. ಅನ್ಯಾಯಕ್ಕೆ ಒಳಗಾಗಿ ಗೆದ್ದ ವಿಜ್ಞಾನಿ, ಇದು ಅಧಿಕಾರಿಗಳ ಮನಸ್ಸಿಗೆ ತಟ್ಟುತ್ತೆ. ಒಂದು ಪತ್ರ ಆ ಹುಡುಗನ ಕೈಲೇ ಕೊಡಿಸೋಣ, ಈಗ ಅವನು ಅಲ್ಲೇ ಇದ್ದಾನಲ್ಲ. ಅವನು ಒಪ್ಪಿದ್ದಾನೆ. ನೀವು ಬರೆದು ಕೊಟ್ರೆ ಸಾಕು."

ಅಕ್ಕ ಮೊಣಕೈಯಿಂದ ಫೋನು ಕಟ್ ಮಾಡಿದಳು. ಅಮ್ಮನೇ ಮೊದಲು ಬಾಯಿ ಬಿಟ್ಟದ್ದು. "ಇವನಿಗೆ ನಾಚಿಕೆ ಅನ್ನೋದನ್ನ ಹುಟ್ಟುವಾಗ್ಲೇ ತೊಳೆದು ಕಳಿಸಿದ್ರಾ?" ಅಂದಳು. ಆ ದಿನದಿಂದ ಅಕ್ಕಪಕ್ಕದವರ ಹತ್ತಿರ ಫಾರಿನ್ನಿನ ಮಾತು ಎತ್ತುವುದನ್ನು ಬಿಟ್ಟಳು.

ಅಕ್ಕ ಈಗ ಊರಿನ ನೀರು ಸರಬರಾಜಿನ ಪರೀಕ್ಷಾಲಯದಲ್ಲಿದ್ದಾಳೆ. ಇಲ್ಲೂ ವರ್ಷದ ಗುತ್ತಿಗೆಯೇ. ಹೊರಗೆ ಹೋಗುವ ಆಸೆಯನ್ನು ಅವಳು ಬಿಟ್ಟಿಲ್ಲ, ಯಾಕೆ ಬಿಡಬೇಕು. ಅವಳ ಕೆಲಸಕ್ಕೆ ಬೇಕಾದ ಲ್ಯಾಬುಗಳು ಅಲ್ಲಿವೆ. ಅಂಕದ ದಾರಿಯಲ್ಲಿ ತಾನೇ ಅರ್ಜಿ ಹಾಕಿಕೊಂಡಳು. ಹುಟ್ಟಿದ ದಿನಾಂಕ, ಡಾಕ್ಟರೇಟಿನ ಪ್ರಮಾಣಪತ್ರ, ಎಲ್ಲೆಲ್ಲಿ ಎಷ್ಟೆಷ್ಟು ತಿಂಗಳು ಕೆಲಸ ಮಾಡಿದಳು ಎಂಬ ಪಟ್ಟಿ, ಭಾಷಾ ಪರೀಕ್ಷೆಯ ಫಲಿತಾಂಶ. ಯಾರ ಹೊಗಳಿಕೆಯೂ ಅದರಲ್ಲಿ ಇರಲಿಲ್ಲ. ಮೊದಲ ಸಲ ಐದು ಅಂಕ ಕಡಿಮೆ ಬಿತ್ತು. ವಯಸ್ಸಿನಲ್ಲಿ ಕಳೆದದ್ದನ್ನು ಭಾಷೆಯಲ್ಲಿ ತುಂಬಿಕೊಳ್ಳಬೇಕಾಗಿತ್ತು, ಆ ಪರೀಕ್ಷೆಯ ಬರವಣಿಗೆಯ ಭಾಗದಲ್ಲೇ ಅವಳಿಗೆ ಕಡಿಮೆ ಬಂದಿತ್ತು. ಒಂದೂವರೆ ವರ್ಷ ಪ್ರೊಫೆಸರುಗಳ ಹೆಸರಿನಲ್ಲಿ ನೂರಾರು ಪುಟ ಬರೆದವಳಿಗೆ.

ಅವಳು ಮನೆಯಲ್ಲಿ ಅಭ್ಯಾಸಕ್ಕೆಂದು ಬರೆದ ಪ್ರಬಂಧವೊಂದನ್ನು ನನಗೆ ತೋರಿಸಿದಳು. ನಗರದ ಬಸ್ಸುಗಳ ಬಗ್ಗೆ. ಮೊದಲ ಸಾಲಿನಲ್ಲೇ ಬಸ್ಸುಗಳು ಸಾರಿಗೆಯ ದಿಕ್ಕು ಬದಲಿಸಿದ ಅಪೂರ್ವ ಸಾಧನ ಎಂದಿತ್ತು. ನಾನು ಪೆನ್ಸಿಲಿನಿಂದ ಆ ಪದಗಳ ಕೆಳಗೆ ಗೀಟೆಳೆದೆ. ಅವಳು ನೋಡಿ, ಓಕರಿಸುವಂತೆ ಮುಖ ಮಾಡಿ, ಹಾಳೆಯನ್ನು ಮುದ್ದೆ ಮಾಡಿ ಎಸೆದಳು. ಮತ್ತೊಂದು ಹಾಳೆ ತೆಗೆದುಕೊಂಡು 'ನಮ್ಮ ಊರಿನಲ್ಲಿ ಬಸ್ಸುಗಳು ಸಾಲದು' ಎಂದು ಶುರು ಮಾಡಿದಳು.